ಬೋಲ್ಟಿಗಿರುವ ಲೆಕ್ಕ ಗೂಡಿಗೆ ಯಾಕಿಲ್ಲ?



ಯಶವಂತಪುರ ದಾಟಿದರೆ ಪೀಣ್ಯ. ಅಲ್ಲಿ ನನ್ನ ಅಕ್ಕನ ಮಗ ಬಾಡಿಗೆ ಶೆಡ್ಡಿನಲ್ಲಿ ಎರಡು ಮಿಷನ್ ಹಾಕಿಕೊಂಡು ಬೋಲ್ಟು, ಸ್ಕ್ರೂ ಮಾಡುತ್ತಾನೆ. ಅವನ ಪಾಡೂ ನಮ್ಮ ಪಾಡಿನಂಥದ್ದೇ. ಕಂಬಿ ಬೆಲೆ ಅವನ ಕೈಲಿಲ್ಲ, ಕರೆಂಟು ಬಿಲ್ಲು ಅವನ ಕೈಲಿಲ್ಲ, ಚೀನಾದಿಂದ ಅಗ್ಗದ ಮಾಲು ಬಂದು ಬಿದ್ದರೆ ಇವನ ಮಾಲು ಕೇಳುವವರಿಲ್ಲ. 2024ರ ಜನವರಿಯಲ್ಲಿ ಒಂದು ದಿನ ಫೋನ್ ಮಾಡಿದ. "ಮಾವ, ನಮ್ಮ ಸ್ಕ್ರೂಗೆ ದಿಲ್ಲಿಯವರು ಗೆರೆ ಎಳೆದವ್ರೆ. ಕೆ.ಜಿ.ಗೆ 129 ರೂಪಾಯಿಗಿಂತ ಕಮ್ಮಿ ಬೆಲೆಯ ಮಾಲು ಹೊರಗಡೆಯಿಂದ ಬರಂಗಿಲ್ಲವಂತೆ" ಅಂದ. ಕೆಲವು ಬಗೆಯ ಸ್ಕ್ರೂಗಳಿಗೆ ಕೇಂದ್ರ ಸರ್ಕಾರ ಆಗ ಹಾಕಿದ ಕನಿಷ್ಠ ಆಮದು ಬೆಲೆ ಅದು.

ನನಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಸುಳ್ಳು ಯಾಕೆ ಹೇಳಲಿ? ಒಂದು ಹಿಡಿ ಸ್ಕ್ರೂಗೆ ದಿಲ್ಲಿ ಎದ್ದು ಕೂತು ಗೆರೆ ಎಳೆಯುತ್ತದೆ. ಇಪ್ಪತ್ತೈದು ದಿನ ನಿದ್ದೆಗೆಟ್ಟು ಹುಳು ಸಾಕಿ ಕಟ್ಟಿಸಿದ ಗೂಡಿಗೆ ಯಾವ ಗೆರೆ? ಹೀಗಂತ ಅವನ ಶೆಡ್ಡಿಗೇ ಹೋಗಿ ಕೇಳಿದೆ. ಅವನು ಮಾತಾಡಲಿಲ್ಲ. ಬೀರು ತೆಗೆದು ಒಂದು ಪುಸ್ತಕ ಮುಂದಿಟ್ಟ. ಕಂಬಿಗೆ ಇಷ್ಟು, ಕರೆಂಟಿಗೆ ಇಷ್ಟು, ಕೂಲಿಗೆ ಇಷ್ಟು, ಹಾಳಾದದ್ದು ಇಷ್ಟು, ಬಡ್ಡಿ ಇಷ್ಟು, ಶೆಡ್ಡಿನ ಬಾಡಿಗೆ ಇಷ್ಟು, ಎಲ್ಲಾ ಸೇರಿ ಒಂದು ಕೆ.ಜಿ. ಮಾಲಿಗೆ ಇಷ್ಟು ಬಿತ್ತು ಅಂತ ತಿಂಗಳು ತಿಂಗಳೂ ಬರೆದಿದ್ದ. "ಸಂಘದವರು ಕೇಳಿದಾಗೆಲ್ಲ ಇದನ್ನ ಕೊಡ್ತೀವಿ ಮಾವ. ನೀವು ನಿಮ್ಮ ಗೂಡಿಗೆ ಏನು ಕೊಡ್ತೀರ?" ಅಂತ ಕೇಳಿದ.

ಆ ಮಾತು ನನ್ನನ್ನು ಹದಿಮೂರು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಯಿತು.

2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದರು. ಆ ವರ್ಷ ನಿಮ್ಮಲ್ಲಿ ಯಾರು ಹುಳು ಸಾಕುತ್ತಿದ್ದಿರೋ ಅವರಿಗೆ ನಾನು ಹೇಳಬೇಕಾದ್ದಿಲ್ಲ. ವರ್ಷದ ಮೊದಲಲ್ಲಿ ವಿಜಯಪುರದ ಮಾರುಕಟ್ಟೆಯಲ್ಲಿ ಮುನ್ನೂರರ ಆಸುಪಾಸು ಕೂಗಿಸಿಕೊಂಡ ನನ್ನ ಲಾಟು, ಮುಂಗಾರಿನ ಹೊತ್ತಿಗೆ ನೂರೈವತ್ತು ಕೂಡ ಮುಟ್ಟಲಿಲ್ಲ. ಬೋರ್‌ವೆಲ್ ಕೊರೆಸಿದ ಸಾಲ, ಹುಳುಮನೆ ಕಟ್ಟಿದ ಸಾಲ ಎರಡೂ ತಲೆ ಮೇಲಿದ್ದವು. ಮನೆಯಾಕೆಯ ಕತ್ತಿನ ಸರ ಆ ವರ್ಷ ಗಿರವಿ ಅಂಗಡಿಗೆ ಹೋದದ್ದು ತಿರುಗಿ ಬರಲೇ ಇಲ್ಲ. ನಮ್ಮ ಸಾಲಿನಲ್ಲಿ ಮೂರು ಮನೆಯವರು ಹಿಪ್ಪುನೇರಳೆ ಗಿಡ ಬುಡಸಮೇತ ಕಿತ್ತರು. ಅದರಲ್ಲಿ ಒಂದು ಹೊಲ ಈಗ ಲೇಔಟು.

ಆಗ ನಾವು ಹತ್ತು ಜನ ಹಸಿರು ಟವೆಲ್ ಹೆಗಲಿಗೆ ಹಾಕಿಕೊಂಡು ಬೆಂಗಳೂರಿನ ಒಂದು ಕಚೇರಿಗೆ ಮನವಿ ಪತ್ರ ಹಿಡಿದು ಹೋದೆವು. ಘೋಷಣೆ ಕೂಗಿದೆವು. ಅಧಿಕಾರಿ ಒಳಗೆ ಕರೆದು ಕೂರಿಸಿ, ನೀರು ಕೊಡಿಸಿ, ಮರ್ಯಾದೆಯಿಂದಲೇ ಒಂದು ಪ್ರಶ್ನೆ ಕೇಳಿದರು. "ಒಂದು ಕೆ.ಜಿ. ಗೂಡು ಬೆಳೆಯೋದಕ್ಕೆ ನಿಮಗೆ ಎಷ್ಟು ಖರ್ಚು ಬರುತ್ತೆ?" ಒಬ್ಬ ನೂರೈವತ್ತು ಅಂದ. ಒಬ್ಬ ಇನ್ನೂರೈವತ್ತು ಅಂದ. ಇನ್ನೊಬ್ಬ ಹಿರಿಯರು "ಖರ್ಚು ಎಲ್ಲಿ ಲೆಕ್ಕ ಇಟ್ಟೀವಿ ಸ್ವಾಮಿ, ಮನೆ ಕೆಲಸ ಅಲ್ವಾ" ಅಂದುಬಿಟ್ಟರು. ಹತ್ತು ಬಾಯಿಂದ ಹತ್ತು ಲೆಕ್ಕ ಬಂತು. ಅಧಿಕಾರಿ ನಗಲಿಲ್ಲ, ಪೆನ್ನು ಕೆಳಗಿಟ್ಟರು. ಆ ಪೆನ್ನು ಕೆಳಗಿಟ್ಟ ಸದ್ದು ನನಗೆ ಇವತ್ತಿಗೂ ಕೇಳುತ್ತದೆ.

ಈಗ ವಿಷಯಕ್ಕೆ ಬರೋಣ. ಗೂಡಿನ ಬೆಲೆ ಬಿದ್ದಾಗಲೆಲ್ಲ ನಾವು ರಸ್ತೆಗೆ ಗೂಡು ಸುರಿದು "ಚೀನಾ ರೇಷ್ಮೆಗೆ ಡಂಪಿಂಗ್ ವಿರೋಧಿ ಸುಂಕ ಹಾಕಿ" ಅಂತ ಕೂಗುತ್ತೇವೆ. ನಾನೂ ಕೂಗಿದ್ದೇನೆ. ಆದರೆ ಈ ಸುಂಕ ಅಂದರೆ ಏನು, ಅದನ್ನು ಯಾರು ಕೇಳಬೇಕು, ಯಾರು ಕೊಡುತ್ತಾರೆ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಸಂತೆಯ ಮಾತಿನಲ್ಲೇ ಹೇಳುತ್ತೇನೆ. ಒಬ್ಬ ವ್ಯಾಪಾರಿ ತನ್ನೂರಲ್ಲಿ ಸೇರು ನಲವತ್ತಕ್ಕೆ ಮಾರುವ ಕಾಳನ್ನು ನಿಮ್ಮೂರ ಸಂತೆಗೆ ತಂದು ಇಪ್ಪತ್ತೈದಕ್ಕೆ ಮಾರುತ್ತಾನೆ ಅನ್ನಿ. ಅದು ಡಂಪಿಂಗ್. ಬರೀ ಅಗ್ಗವಾಗಿ ಮಾರಿದರೆ ಡಂಪಿಂಗ್ ಅಲ್ಲ, ತನ್ನೂರ ಬೆಲೆಗಿಂತ ಕಮ್ಮಿಗೆ ಮಾರಬೇಕು. ಅಷ್ಟೇ ಸಾಲದು. ಅದರಿಂದ ನಿಮ್ಮೂರ ಅಂಗಡಿಗೆ ನಷ್ಟ ಆಗಿರಬೇಕು. ಆ ನಷ್ಟ ಇವನಿಂದಲೇ ಆಯಿತು ಅಂತಲೂ ತೋರಿಸಬೇಕು. ಈ ಮೂರೂ ರುಜುವಾದರೆ ಮಾತ್ರ ಸುಂಕ.

ಇದನ್ನು ವಿಚಾರಣೆ ಮಾಡುವವರು ದಿಲ್ಲಿಯಲ್ಲಿ ವಾಣಿಜ್ಯ ಇಲಾಖೆಯಡಿ ಇದ್ದಾರೆ. 2018ರಿಂದ ಅದಕ್ಕೆ ಡಿ.ಜಿ.ಟಿ.ಆರ್. ಅಂತ ಹೆಸರು. 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆ, 1995ರ ನಿಯಮಗಳು ಅದಕ್ಕೆ ಆಧಾರ. ಸಾಮಾನ್ಯವಾಗಿ ಒಂದು ವರ್ಷದ ಅವಧಿ ಹಿಡಿದು, ಅದರ ಹಿಂದಿನ ಮೂರು ವರ್ಷದ ಲೆಕ್ಕವನ್ನೂ ಜೊತೆಗಿಟ್ಟು ತೂಗುತ್ತಾರೆ. ಅರ್ಜಿ ಹಾಕಿದ ಉತ್ಪಾದಕರು ಮತ್ತು ಅವರಿಗೆ ಬೆಂಬಲ ಕೊಟ್ಟವರು ಸೇರಿ ದೇಶದ ಒಟ್ಟು ಉತ್ಪಾದನೆಯಲ್ಲಿ ಕನಿಷ್ಠ ಶೇಕಡಾ 25ರಷ್ಟು ಮಾಡುವವರಾಗಿರಬೇಕು. ಇಲಾಖೆ ಶಿಫಾರಸು ಮಾಡುತ್ತದೆ, ಸುಂಕ ಹಾಕುವುದು ಬಿಡುವುದು ಹಣಕಾಸು ಸಚಿವಾಲಯದ ಕೈಲಿ. ಹಾಕಿದರೂ ಐದು ವರ್ಷಕ್ಕೆ. ಬಜೆಟ್ಟಿನಲ್ಲಿ ಏರಿಸಿ ಇಳಿಸುವ ಮಾಮೂಲಿ ಆಮದು ಸುಂಕ ಬೇರೆ, ಇದು ಬೇರೆ. ಅದು ಮಂತ್ರಿಯ ಮಾತು, ಇದು ಕೋರ್ಟಿನಂಥ ವ್ಯಾಜ್ಯ. ವ್ಯಾಜ್ಯಕ್ಕೆ ಘೋಷಣೆ ಸಾಕ್ಷಿ ಆಗೋದಿಲ್ಲ, ಕಾಗದ ಬೇಕು.

ಕಾಗದದ ಬಲ ಎಷ್ಟು ಅಂತ ಬೋಲ್ಟಿನ ಕಥೆಯೇ ಹೇಳುತ್ತದೆ. 2009ರಲ್ಲಿ ಯುರೋಪಿನ ಒಕ್ಕೂಟದವರು ಚೀನಾದ ಉಕ್ಕಿನ ಬೋಲ್ಟು, ಸ್ಕ್ರೂಗಳಿಗೆ ಶೇಕಡಾ 85ರವರೆಗೂ ಇಂಥ ಸುಂಕ ಹಾಕಿದರು. ಚೀನಾದ ಬೆಲೆ ನಂಬೋ ಹಾಗಿಲ್ಲ ಅಂತ, ಹೋಲಿಸಿ ನೋಡಲು ನಮ್ಮ ಭಾರತದ ಒಂದು ಬೋಲ್ಟು ಕಾರ್ಖಾನೆಯ ಲೆಕ್ಕ ತೆಗೆದುಕೊಂಡರು. ಚೀನಾ ವಿಶ್ವ ವಾಣಿಜ್ಯ ಸಂಸ್ಥೆಗೆ ಹೋಯಿತು. ನಿಮ್ಮ ದೇಶೀಯ ಉದ್ಯಮ ಅಂತ ನೀವು ಹಿಡಿದಿರೋದು ಒಟ್ಟು ಉತ್ಪಾದನೆಯ ಶೇಕಡಾ 27 ಮಾತ್ರ, ಆರಿಸಿದ ರೀತಿಯೂ ಸರಿಯಿಲ್ಲ ಅಂತ 2011ರಲ್ಲಿ ಅಲ್ಲಿ ತೀರ್ಪಾಯಿತು. ಆ ಭಾರತದ ಕಾರ್ಖಾನೆಯ ಲೆಕ್ಕದ ವಿವರವನ್ನು ಎದುರು ಪಕ್ಷಕ್ಕೆ ಸರಿಯಾಗಿ ತೋರಿಸಲಿಲ್ಲ ಅನ್ನೋದೂ ತಪ್ಪಾಯಿತು. 2016ರಲ್ಲಿ ಸುಂಕ ರದ್ದಾಯಿತು. ಯುರೋಪಿನವರು ಸುಮ್ಮನೆ ಕೂರಲಿಲ್ಲ. ಮತ್ತೆ ತನಿಖೆ ಮಾಡಿ, ಮತ್ತೆ ಕಾಗದ ಸರಿಮಾಡಿ, 2022ರಲ್ಲಿ ಪುನಃ ಹಾಕಿದರು. ಅಷ್ಟು ಬಲಾಢ್ಯರೇ ಲೆಕ್ಕದಲ್ಲಿ ಎಡವಿದರೆ ಬೀಳುತ್ತಾರೆ. ಲೆಕ್ಕವೇ ಇಲ್ಲದ ನಮ್ಮ ಗತಿ ಏನು?

ಇನ್ನು ನಮ್ಮ ರೇಷ್ಮೆಗೆ ಬರೋಣ. ಹೊರದೇಶದ ರೇಷ್ಮೆಯ ಕಾಟ ಇವತ್ತಿನದಲ್ಲ. ಚೀನಾ, ಜಪಾನಿನ ಅಗ್ಗದ ರೇಷ್ಮೆ ಬಂದು ಮೈಸೂರು ಸೀಮೆಯ ರೇಷ್ಮೆ ಬೆಳೆಗಾರ ಮಲಗಿದಾಗ, 1933ರಲ್ಲಿ ಬ್ರಿಟಿಷರ ಕಾಲದ ಟ್ಯಾರಿಫ್ ಬೋರ್ಡು ವಿಚಾರಣೆ ನಡೆಸಿತು, 1934ರಲ್ಲಿ ರಕ್ಷಣಾ ಸುಂಕ ಬಂತು. ನಮ್ಮ ಕಾಲದಲ್ಲಿ ಚೀನಾದ ಕಚ್ಚಾ ರೇಷ್ಮೆ ಮೇಲೆ ತನಿಖೆಯಾಗಿ 2003ರಲ್ಲಿ ಡಂಪಿಂಗ್ ವಿರೋಧಿ ಸುಂಕ ಬಂತು. 2ಎ ದರ್ಜೆ ಮತ್ತು ಅದರ ಕೆಳಗಿನ ನೂಲಿಗೆ ಕೆ.ಜಿ.ಗೆ 27.97 ಡಾಲರ್ ಅಂತ ಒಂದು ಗೆರೆ. ಅದಕ್ಕಿಂತ ಕಮ್ಮಿ ಬೆಲೆಗೆ ಬಂದರೆ ಎಷ್ಟು ಕಮ್ಮಿಯೋ ಅಷ್ಟನ್ನು ಸುಂಕವಾಗಿ ಕಟ್ಟಬೇಕು. ಮಧ್ಯದಲ್ಲಿ ಮರುಪರಿಶೀಲನೆಯಾಗಿ 2014ರ ಜನವರಿವರೆಗೂ ಈ ರಕ್ಷಣೆ ನಡೆಯಿತು.

ಇಲ್ಲಿ ಒಂದು ಮಾತು ಗಮನಿಸಿ. 2011ರಲ್ಲಿ ನಮ್ಮ ಗೂಡು ನೆಲ ಕಚ್ಚಿತಲ್ಲ, ಆಗ ಈ ಸುಂಕ ಜಾರಿಯಲ್ಲೇ ಇತ್ತು! ಗೆರೆ ಎಳೆಯುವ ಸುಂಕದ ಹಣೆಬರಹವೇ ಅಷ್ಟು. ಮಾಲಿನ ಬೆಲೆ ಗೆರೆಗಿಂತ ಮೇಲಿದ್ದರೆ ಸುಂಕ ಸೊನ್ನೆ. ದರ್ಜೆ ಮೇಲಿನದು ಅಂತ ಬರೆಸಿದರೂ ಸೊನ್ನೆ. ಕಾಗದದ ಮೇಲೆ ಬೇಲಿ ಇತ್ತು, ಹೊಲದಲ್ಲಿ ಇರಲಿಲ್ಲ.

2014ರಲ್ಲಿ ಅವಧಿ ಮುಗಿಯಿತು. ಹೊಸ ಸುಂಕ ಬಂದದ್ದು 2015ರ ಡಿಸೆಂಬರ್‌ನಲ್ಲಿ. ನಡುವೆ ಹೆಚ್ಚುಕಡಿಮೆ ಎರಡು ವರ್ಷ ಬಾಗಿಲು ತೆರೆದೇ ಇತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ. ಅದಾದರೂ ಎಷ್ಟು? 3ಎ ದರ್ಜೆ ಮತ್ತು ಅದರ ಕೆಳಗಿನ ನೂಲಿಗೆ ಕೆ.ಜಿ.ಗೆ 1.85 ಡಾಲರ್, ಐದು ವರ್ಷಕ್ಕೆ. ಡಾಲರಿಗೆ ಆಗ 66–67 ರೂ. ಅಂದರೆ ಒಂದು ಕೆ.ಜಿ. ನೂಲಿಗೆ 120–125 ರೂ. ಒಂದು ಕೆ.ಜಿ. ನೂಲು ತೆಗೆಯೋದಕ್ಕೆ ಮಿಶ್ರತಳಿ ಗೂಡು ಏಳೆಂಟು ಕೆ.ಜಿ. ಬೇಕು. ಎಂಟು ಅಂತ ಹಿಡಿದು ಭಾಗಿಸಿ ನೋಡಿ. ನಿಮ್ಮ ಒಂದು ಕೆ.ಜಿ. ಗೂಡಿನ ಪಾಲಿಗೆ ಬಂದ ರಕ್ಷಣೆ ಬರೀ 15 ರೂಪಾಯಿ. ಸುಂಕ ಬಂತು ಅಂತ ನಾವು ಪಟಾಕಿ ಹೊಡೆದಿದ್ದೆವು!

ಯಾಕೆ ಇಷ್ಟು ಕಮ್ಮಿ ಆಯಿತು? ದಿಲ್ಲಿಯವರು ಕೆಟ್ಟವರು ಅಂತ ಬೈದು ಮುಗಿಸಬಹುದು. ಬೈಯೋದು ಸುಲಭ. ಆದರೆ ನಿಯಮ ಓದಿದವರನ್ನು ಕೇಳಿ, ಕೂತು ಯೋಚನೆ ಮಾಡಿದ ಮೇಲೆ ನನಗೆ ಎರಡು ವಿಷಯ ತಿಳಿದುಬಂತು. ಅದನ್ನು ನಿಮ್ಮ ಮುಂದೆ ಇಡೋದಕ್ಕೇ ಈ ಲೇಖನ.

ಮೊದಲನೆಯದು. ಈ ಕಾನೂನಿನ ಕಣ್ಣಿಗೆ ನೀವು, ನಾವು ಉದ್ಯಮವೇ ಅಲ್ಲ. ಬಂದಿಳಿಯುತ್ತಿರುವುದು ನೂಲು. ಆದ್ದರಿಂದ ನೂಲು ತೆಗೆಯುವ ರೀಲರ್‌ಗಳೇ ದೇಶೀಯ ಉದ್ಯಮ. ಗೂಡು ಬೆಳೆಯುವ ನಾವು ಅವರಿಗೆ ಕಚ್ಚಾ ಮಾಲು ಕೊಡುವವರು. ಇದು ನಮ್ಮ ದೇಶದಲ್ಲಿ ಮಾತ್ರ ಅಲ್ಲ. ಅಮೆರಿಕದವರು 1999ರಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯಾದಿಂದ ಬರುವ ಕುರಿಮರಿ ಮಾಂಸಕ್ಕೆ ತಡೆ ಹಾಕಿದರು, ನಮ್ಮ ಕುರಿ ಸಾಕುವವರಿಗೆ ನಷ್ಟ ಆಗಿದೆ ಅಂತ. 2001ರಲ್ಲಿ ವಿಶ್ವ ವಾಣಿಜ್ಯ ಸಂಸ್ಥೆಯ ಮೇಲ್ಮನವಿ ಪೀಠ ಏನು ಹೇಳಿತು ಗೊತ್ತೇ? ಮಾಂಸ ಮಾಡುವವನು ಬೇರೆ, ಕುರಿ ಸಾಕುವವನು ಬೇರೆ, ಸಾಕುವವನನ್ನು ಈ ಉದ್ಯಮದಲ್ಲಿ ಸೇರಿಸುವಂತಿಲ್ಲ ಅಂತ. ಅದು ಡಂಪಿಂಗ್ ಕಾನೂನಲ್ಲ, ಅದರ ಪಕ್ಕದ ಇನ್ನೊಂದು ರಕ್ಷಣಾ ಕಾನೂನು. ಆದರೆ ನ್ಯಾಯ ಅದೇ. ಕುರಿ ಇಲ್ಲದೆ ಮಾಂಸ ಎಲ್ಲಿಂದ ಬರುತ್ತೆ ಅಂತ ನೀವು ಕೇಳುತ್ತೀರಿ. ನಾನೂ ಕೇಳುತ್ತೇನೆ. ಕಾನೂನು ಕೇಳೋದಿಲ್ಲ.

ಎರಡನೆಯದು ಇನ್ನೂ ಕ್ರೂರವಾದದ್ದು. ಈ ಸುಂಕವನ್ನು ಎಷ್ಟು ಹಾಕಬೇಕು ಅಂತ ಗೊತ್ತುಮಾಡುವಾಗ, ದೇಶದ ಉತ್ಪಾದಕನಿಗೆ ನಷ್ಟವಾಗದ ಬೆಲೆ ಯಾವುದು ಅಂತ ಲೆಕ್ಕ ಹಾಕುತ್ತಾರೆ. ಅದರಲ್ಲಿ ಕಚ್ಚಾ ಮಾಲಿಗೆ ಹಿಡಿಯುವುದು ತನಿಖೆಯ ಅವಧಿಯ ದರ. ಉದಾಹರಣೆಗೆ, ಒಳ್ಳೆಯ ಕಾಲದಲ್ಲಿ ಗೂಡು 300 ರೂ. ಇತ್ತು ಅನ್ನಿ. ಎಂಟು ಕೆ.ಜಿ.ಗೆ 2,400. ಚೀನಾ ನೂಲು ಬಂದು ಬಿತ್ತು, ರೀಲರ್ ತನ್ನ ನಷ್ಟ ತಪ್ಪಿಸಿಕೊಳ್ಳೋದಕ್ಕೆ ಹರಾಜಿನಲ್ಲಿ ಕೈ ಹಿಂದೆಗೆದ, ಗೂಡು 180ಕ್ಕೆ ಇಳಿಯಿತು. ಈಗ ಎಂಟು ಕೆ.ಜಿ.ಗೆ 1,440. ತನಿಖೆಯವರು ಆ ವರ್ಷದ ಪುಸ್ತಕ ತೆಗೆದು ನೋಡಿದರೆ ಏನು ಕಾಣುತ್ತೆ? ರೀಲರ್‌ನ ಖರ್ಚು 960 ರೂ. ಇಳಿದಿದೆ. ಹಾಗಾದರೆ ಇವನಿಗೆ ನಷ್ಟ ಅಷ್ಟೇನೂ ಇಲ್ಲ, ಸುಂಕವೂ ಅಷ್ಟೇನೂ ಬೇಕಿಲ್ಲ! ಆ 960 ರೂಪಾಯಿ ಎಲ್ಲಿ ಹೋಯಿತು? ನಿಮ್ಮ ಮನೆಯಿಂದ ಹೋಯಿತು. ನನ್ನ ಹೆಂಡತಿಯ ಕತ್ತಿನಿಂದ ಹೋಯಿತು. ನಷ್ಟವನ್ನು ಹೊತ್ತವನು ಲೆಕ್ಕದಲ್ಲಿ ಇಲ್ಲ, ಲೆಕ್ಕದಲ್ಲಿ ಇರುವವನ ನಷ್ಟವನ್ನು ನಾವು ಹೊತ್ತುಬಿಟ್ಟಿದ್ದೇವೆ. ನಾವು ಎಷ್ಟು ಸಹಿಸಿಕೊಳ್ಳುತ್ತೇವೋ ಸುಂಕ ಅಷ್ಟು ಚಿಕ್ಕದಾಗುತ್ತದೆ.

ಇದಕ್ಕೆ ಮದ್ದು ಏನು? 1993ರಲ್ಲಿ ನಾನು ಇಪ್ಪತ್ತರ ಹರೆಯದವನು. ಡಂಕೆಲ್ ಪ್ರಸ್ತಾವನೆ ವಿರುದ್ಧ ಬೆಂಗಳೂರಿನಲ್ಲಿ ಸೇರಿದ ರೈತರ ಸಾಗರದಲ್ಲಿ ನಾನೂ ಒಬ್ಬ. ಬೇಡ ಅಂತ ಕೂಗಿದೆವು, ಆ ಕೂಗು ನ್ಯಾಯವಾದದ್ದೇ. ಆದರೂ 1995ರಲ್ಲಿ ವಿಶ್ವ ವಾಣಿಜ್ಯ ಸಂಸ್ಥೆ ಬಂತು, ನಾವು ಅದರೊಳಗೇ ಬದುಕುತ್ತಿದ್ದೇವೆ. ಅದೇ ಒಪ್ಪಂದಗಳ ಕಟ್ಟಿನಲ್ಲಿ ಈ ಡಂಪಿಂಗ್ ವಿರೋಧಿ ಒಪ್ಪಂದವೂ ಇದೆ. ಅದರಲ್ಲಿ ನಮ್ಮಂಥವರಿಗೆ ಒಂದು ಕಿಟಕಿ ಇಟ್ಟಿದ್ದಾರೆ. ತುಂಬಾ ಜನ ಸಣ್ಣ ಉತ್ಪಾದಕರು ಚದುರಿಹೋಗಿರುವ ಉದ್ಯಮವಾದರೆ, ಎಲ್ಲರ ಸಹಿ ಬೇಕಿಲ್ಲ, ಶಾಸ್ತ್ರೀಯವಾಗಿ ಆರಿಸಿದ ಮಾದರಿಯಿಂದಲೇ ಬೆಂಬಲ ತೋರಿಸಬಹುದು ಅಂತ. ಶಿಡ್ಲಘಟ್ಟದ, ರಾಮನಗರದ, ವಿಜಯಪುರದ ಸಣ್ಣ ರೀಲರ್‌ಗಳಿಗೆ ಇದು ಸರಿಯಾಗಿ ಹೊಂದುತ್ತದೆ. ಬಾಯಿದ್ದವನು ಬರದಲ್ಲೂ ಬದುಕಿದ ಅಂತಾರೆ. ಈ ಕಾಲದಲ್ಲಿ ಬಾಯಿಯ ಜೊತೆಗೆ ಪುಸ್ತಕವೂ ಬೇಕು.

ಆದ್ದರಿಂದ ನನ್ನ ಮೊದಲ ಮಾತು ರೀಲರ್ ಬಗ್ಗೆ. ಹರಾಜು ಕಟ್ಟೆಯಲ್ಲಿ ಅವನೂ ನಾವೂ ಹಾವು ಮುಂಗುಸಿ. ಹತ್ತು ರೂಪಾಯಿಗೆ ಕಿತ್ತಾಡುತ್ತೇವೆ, ಅದು ಇದ್ದದ್ದೇ. ಆದರೆ ದಿಲ್ಲಿಯ ಬಾಗಿಲಲ್ಲಿ ಅವನಿಗೆ ಮಾತ್ರ ಪ್ರವೇಶ. ಅವನ ಅರ್ಜಿಯೊಳಗೆ ನಮ್ಮ ಖರ್ಚು ಸೇರಬೇಕು. ಬಿದ್ದ ಬೆಲೆಯ ಗೂಡನ್ನು ಹಿಡಿದು ಲೆಕ್ಕ ಹಾಕಬೇಡಿ, ಬೆಳೆಯುವ ಖರ್ಚು ಇಷ್ಟಿದೆ, ಇದಕ್ಕಿಂತ ಕೆಳಗೆ ಹೋದರೆ ನಾಳೆ ಗೂಡೇ ಇರೋದಿಲ್ಲ ಅಂತ ಅವನೂ ನಾವೂ ಸೇರಿ ಬರೆದುಕೊಡಬೇಕು. ಅದಕ್ಕೆ ಅವನು ನಮ್ಮೊಡನೆ ಒಂದೇ ಬೆಂಚಿನ ಮೇಲೆ ಕೂರಬೇಕು.

ಮಗ್ಗದವರ ಬಗ್ಗೆಯೂ ಒಂದು ಮಾತು. ಸುಂಕ ಏರಿದರೆ ನೂಲು ತುಟ್ಟಿ, ಸೀರೆ ತುಟ್ಟಿ ಅಂತ ಅವರು ವಿರೋಧ ಮಾಡುತ್ತಾರೆ. ಯಲಹಂಕದ, ದೊಡ್ಡಬಳ್ಳಾಪುರದ ಮಗ್ಗದವರು ನಮ್ಮ ಪಕ್ಕದ ಮನೆಯವರು. ಅವರ ಮಾತಿನಲ್ಲಿ ಸತ್ಯ ಇದೆ. ಹಾಸಿಗೆ ಬೇಕಾದ ಗಟ್ಟಿ, ಒಂದೇ ಸಮನಾದ ನೂಲು ಇಲ್ಲಿ ಸಾಕಷ್ಟು ಸಿಗದೆ ಅವರು ಹೊರಗಿನದಕ್ಕೆ ಕೈ ಚಾಚುತ್ತಾರೆ. ದ್ವಿತಳಿ ಗೂಡು ಚೆನ್ನಾಗಿ ಬೆಳೆದು ಕೊಡುವುದು ನಮ್ಮ ಕೆಲಸ, ಅದರಲ್ಲಿ ನಾವೂ ಹಿಂದೆ ಬಿದ್ದಿದ್ದೇವೆ. ಆದರೆ ಅಗ್ಗದ ನೂಲಿನ ಆಸೆಗೆ ಇಲ್ಲಿಯ ಗೂಡು ಸತ್ತರೆ, ಆಮೇಲೆ ಚೀನಾದವನು ಹೇಳಿದ್ದೇ ಬೆಲೆ ಅಂತ ಅವರಿಗೂ ತಿಳಿಹೇಳಬೇಕು. ಜಗಳ ಮಾಡಿ ಅಲ್ಲ, ಲೆಕ್ಕ ತೋರಿಸಿ.

ಇನ್ನು ಸರ್ಕಾರ. ಗೂಡು ಕೇಂದ್ರದ ಬೆಂಬಲ ಬೆಲೆಯ ಪಟ್ಟಿಯಲ್ಲಿ ಇಲ್ಲ. ಭತ್ತ ರಾಗಿಗೆ ಆಯೋಗ ಕೂತು ಖರ್ಚು ಲೆಕ್ಕ ಹಾಕಿದ ಹಾಗೆ ಗೂಡಿಗೆ ವರ್ಷಾವರ್ಷ ಹಾಕುವವರಿಲ್ಲ. ಕೇಂದ್ರ ರೇಷ್ಮೆ ಮಂಡಳಿ ಬೆಂಗಳೂರಲ್ಲೇ ಇದೆ. ಹೆಬ್ಬಾಳ ದಾಟಿದರೆ ಜಿ.ಕೆ.ವಿ.ಕೆ.ಯಲ್ಲಿ ರೇಷ್ಮೆ ಕೃಷಿ ಕಲಿಸುವ ವಿಭಾಗ ಇದೆ. ಹಳ್ಳಿ ಹಳ್ಳಿಯಲ್ಲಿ ರೈತರನ್ನು ಗೊತ್ತುಮಾಡಿಕೊಂಡು, ಬೆಳೆ ಬೆಳೆಗೂ ಖರ್ಚು ಬರೆಸಿ, ವರ್ಷಕ್ಕೊಮ್ಮೆ ಪ್ರಕಟಿಸಿ ಅಂತ ನಾವು ಒತ್ತಾಯ ಮಾಡಬೇಕು. ಸುಂಕದ ಅವಧಿ ಮುಗಿಯುವ ಒಂದು ವರ್ಷ ಮೊದಲೇ ಮರುಪರಿಶೀಲನೆಯ ಕಾಗದ ತಯಾರಿರಬೇಕು, 2014ರ ಹಾಗೆ ಬಾಗಿಲು ತೆರೆದು ಬೀಳಬಾರದು. 2021ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಮಾಮೂಲಿ ಸುಂಕವನ್ನು ಶೇಕಡಾ 10ರಿಂದ 15ಕ್ಕೆ ಏರಿಸಿದರು. ಒಳ್ಳೆಯದೇ. ಆದರೆ ಒಂದು ಬಜೆಟ್ಟಿನಲ್ಲಿ ಏರಿದ್ದು ಇನ್ನೊಂದರಲ್ಲಿ ಇಳಿಯುತ್ತದೆ. 2011 ಮರೆಯಬೇಡಿ.

ಕಡೆಯದಾಗಿ ನಿಮ್ಮ ಕೆಲಸ, ನನ್ನ ಕೆಲಸ. ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ ತನ್ನಿ. ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳು ತಂದ ದಿನದಿಂದ ಬರೆಯಿರಿ. ನೂರು ಮೊಟ್ಟೆಗೆ ಕೊಟ್ಟದ್ದೆಷ್ಟು, ಸೊಪ್ಪಿಗೆ ಹಾಕಿದ ಗೊಬ್ಬರ, ಕರೆಂಟು, ಸುಣ್ಣ, ಬ್ಲೀಚಿಂಗ್ ಪುಡಿ, ಚಂದ್ರಂಕಿ ಬಾಡಿಗೆ, ಗೂಡು ಬಿಡಿಸಿದ ಕೂಲಿ, ಮಾರುಕಟ್ಟೆಗೆ ಸಾಗಿಸಿದ ಬಾಡಿಗೆ. ಊಜಿ ನೊಣಕ್ಕೋ, ಹಾಲುತೊಂಡೆ ರೋಗಕ್ಕೋ ಹೋದ ಬೆಳೆಯನ್ನೂ ಬರೆಯಿರಿ, ನಾಚಿಕೆ ಬೇಡ. ಸಾಲದ ಬಡ್ಡಿ ಬರೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ರಾತ್ರಿ ಹನ್ನೊಂದಕ್ಕೆ ಎದ್ದು ಸೊಪ್ಪು ಹಾಕುವ ನಿಮ್ಮ ತಾಯಿ, ಹೆಂಡತಿ, ಸೊಸೆಯ ಕೂಲಿಯನ್ನು ಹೊರಗಿನ ಆಳಿನ ದರದಲ್ಲೇ ಬರೆಯಿರಿ. ನಾವು ಲೆಕ್ಕದಿಂದ ಮೊದಲು ಬಿಟ್ಟದ್ದು ಅವರನ್ನೇ. ಮನೆಯವರನ್ನು ನಾವೇ ಲೆಕ್ಕಕ್ಕೆ ಇಡದೆ, ದಿಲ್ಲಿಯವರು ನಮ್ಮನ್ನು ಲೆಕ್ಕಕ್ಕೆ ಇಡಲಿಲ್ಲ ಅಂದರೆ ಹೇಗೆ? ಹರಾಜಿನ ಚೀಟಿಯನ್ನು ಅದೇ ಪುಟಕ್ಕೆ ಅಂಟಿಸಿ.

ಕೊರೊನಾ ಆದ ಮೇಲೆ ಗೂಡಿಗೆ ಒಳ್ಳೆಯ ಬೆಲೆ ಕಂಡೆವು. ಬೆಲೆ ಬಂದಾಗ ಪುಸ್ತಕ ಯಾರಿಗೆ ಬೇಕು ಅನ್ನಿಸುತ್ತದೆ. ಆದರೆ ತನಿಖೆಯವರು ಹಿಂದಿನ ವರ್ಷಗಳ ಲೆಕ್ಕವನ್ನೂ ಕೇಳುತ್ತಾರೆ. ಬೆಲೆ ಬಿದ್ದ ದಿನ ಬರೆಯೋಕೆ ಕೂತರೆ ಆಗಲೇ ತಡವಾಗಿರುತ್ತದೆ.

ನಾನು ಅಳಿಯನ ಶೆಡ್ಡಿನಿಂದ ಬಂದ ಮೇಲೆ ಬರೆಯೋಕೆ ಶುರುಮಾಡಿದೆ. ಮೊದಲನೇ ಬೆಳೆಯ ಲೆಕ್ಕ ಕೂಡಿದಾಗ ಮನೆಯಾಕೆ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ತನ್ನ ಹೆಸರಿನ ಮುಂದೆ ಕೂಲಿಯ ಮೊತ್ತ ಕಂಡು, "ಇಷ್ಟು ವರ್ಷದ್ದು ಬಾಕಿ ಎಲ್ರೀ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಸಾರಿ ಯಾವನಾದರೂ ಅಧಿಕಾರಿ ಒಂದು ಕೆ.ಜಿ. ಗೂಡಿಗೆ ಎಷ್ಟು ಖರ್ಚು ಅಂತ ಕೇಳಿದರೆ ಮಾತ್ರ ಉತ್ತರ ಇದೆ. ನಿಮ್ಮ ಹತ್ತಿರವೂ ಇರಲಿ. ಹತ್ತು ಊರಿನ ಪುಸ್ತಕ ಒಂದು ಕಡೆ ಸೇರಿದ ದಿನ ನಾವು ಮತ್ತೆ ಆ ಕಚೇರಿಗೆ ಹೋಗೋಣ. ಈ ಸಲ ಅವರು ಪೆನ್ನು ಕೆಳಗಿಡದ ಹಾಗೆ ಮಾಡೋಣ.